ಹಾಲುಗಲ್ಲದಿಂದ ಊರುಗೋಲಿನವರೆಗೆ: ಯಾವ ವಯಸ್ಸಿನ ಮೂಳೆಗೆ ಏನು ಬೇಕು?

ಮಂಡಿ ನೋವು ಅಂದರೂ ಕ್ಯಾಲ್ಸಿಯಂ ಮಾತ್ರೆ, ಬೆನ್ನು ಹಿಡಿದುಕೊಂಡರೂ ಕ್ಯಾಲ್ಸಿಯಂ ಮಾತ್ರೆ, ಐವತ್ತು ದಾಟಿತೆಂದರೂ ಕ್ಯಾಲ್ಸಿಯಂ ಮಾತ್ರೆ. ಮೂಳೆಯ ಬಗ್ಗೆ ಬಹಳಷ್ಟು ಜನರ ತಿಳಿವಳಿಕೆ ಇಲ್ಲಿಗೇ ನಿಂತುಬಿಡುತ್ತದೆ. ವಯಸ್ಸಾದವರ ಮಂಡಿ ನೋವು ಹೆಚ್ಚಾಗಿ ಕೀಲಿನ ಸವೆತದಿಂದ ಬರುವಂಥದ್ದು. ಮೂಳೆ ತೆಳುವಾಗಿ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಬೇರೆಯೇ ಕಾಯಿಲೆ. ಮೂಳೆ ಮುರಿಯುವ ತನಕ ಅದು ನೋಯುವುದೇ ಇಲ್ಲ. ಐವತ್ತು ದಾಟಿದ ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಮುಂದೊಂದು ದಿನ ಇದೇ ಕಾರಣಕ್ಕೆ ಮೂಳೆ ಮುರಿಯುತ್ತದೆ ಎಂದು ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನ ಅಂದಾಜಿಸಿದೆ.

ಎಲ್ಲ ವಯಸ್ಸಿಗೂ ಒಂದೇ ಆರೈಕೆ ಸಾಲದು. ಇಪ್ಪತ್ತೈದರ ಒಳಗೆ ಮೂಳೆ ಕಟ್ಟಿಕೊಳ್ಳಬೇಕು, ನಡುವಯಸ್ಸಿನಲ್ಲಿ ಕಟ್ಟಿದ್ದನ್ನು ಉಳಿಸಿಕೊಳ್ಳಬೇಕು, ಅರವತ್ತೈದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ನೀವೀಗ ಇವುಗಳಲ್ಲಿ ಎಲ್ಲಿದ್ದೀರಿ ಎಂಬುದರ ಮೇಲೆ ಕೆಳಗಿನ ಯಾವ ಹಂತಕ್ಕೆ ಹೆಚ್ಚು ಗಮನ ಕೊಡಬೇಕು ಎಂಬುದು ನಿಂತಿದೆ.

ಮೂಳೆಯೊಳಗೆ ನಡೆಯುವುದೇನು?

ಮೂಳೆ ಜಡವಸ್ತುವಲ್ಲ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಾ ಹೋಗುತ್ತವೆ, ಆಸ್ಟಿಯೊಬ್ಲಾಸ್ಟ್ ಕೋಶಗಳು ಅದೇ ಜಾಗದಲ್ಲಿ ಹೊಸದನ್ನು ಕೂಡಿಸುತ್ತವೆ. ಗೋಡೆಯ ಸಡಿಲ ಇಟ್ಟಿಗೆ ಕಿತ್ತು ಹೊಸದು ಕೂರಿಸಿದ ಹಾಗೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತರಲ್ಲೊಂದು ಪಾಲು ಪ್ರತಿವರ್ಷ ಹೀಗೆ ಬದಲಾಗುತ್ತದೆ. ಎಳವೆಯಲ್ಲಿ ಕೂಡಿಸುವ ಕೆಲಸ ಮುಂದು, ವಯಸ್ಸಾದಂತೆ ಕರಗಿಸುವ ಕೆಲಸ ಮುಂದು.

ವಯಸ್ಕರ ಮೈಯಲ್ಲಿ ಒಂದು ಕಿಲೋಗಿಂತ ತುಸು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ಉಳಿದ ಶೇ. 1 ಬಹಳ ಚಿಕ್ಕದಾಗಿ ಕಂಡರೂ ಹೃದಯದ ಬಡಿತಕ್ಕೆ, ಸ್ನಾಯುಗಳ ಸಂಕೋಚನಕ್ಕೆ ಅದೇ ಬೇಕು. ಹಾಗಾಗಿ ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ಕಳಿಸುತ್ತವೆ. ‘ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಿದೆ, ಆದ್ದರಿಂದ ನನ್ನ ಮೂಳೆ ಗಟ್ಟಿ’ ಎಂದು ನೆಮ್ಮದಿಯಾಗಿರುವವರು ಈ ಸಂಗತಿಯನ್ನು ಗಮನಿಸಬೇಕು. ಮೂಳೆ ಸೊರಗುತ್ತಿದ್ದರೂ ರಕ್ತದ ಮಟ್ಟ ಸರಿಯಾಗಿಯೇ ಇರಬಹುದು.

ಹಂತ 1: ದಿನಕ್ಕೆ ಎಷ್ಟು ಬೇಕು?

ಅಮೆರಿಕದ ವೈದ್ಯಕೀಯ ತಜ್ಞರ ಸಮಿತಿ 2011ರಲ್ಲಿ ನಿಗದಿಪಡಿಸಿದ ದಿನದ ಕ್ಯಾಲ್ಸಿಯಂ ಪ್ರಮಾಣ ಹೀಗಿದೆ:

- 1ರಿಂದ 3 ವರ್ಷ: 700 ಮಿ.ಗ್ರಾಂ
- 4ರಿಂದ 8 ವರ್ಷ: 1000 ಮಿ.ಗ್ರಾಂ
- 9ರಿಂದ 18 ವರ್ಷ: 1300 ಮಿ.ಗ್ರಾಂ
- 19ರಿಂದ 50 ವರ್ಷ: 1000 ಮಿ.ಗ್ರಾಂ
- 51ರಿಂದ 70: ಗಂಡಸರಿಗೆ 1000, ಹೆಂಗಸರಿಗೆ 1200 ಮಿ.ಗ್ರಾಂ
- 70ರ ಮೇಲೆ: ಎಲ್ಲರಿಗೂ 1200 ಮಿ.ಗ್ರಾಂ

ಎಲ್ಲ ದೇಶಗಳೂ ಇದನ್ನೇ ಒಪ್ಪುವುದಿಲ್ಲ. ಬ್ರಿಟನ್ ವಯಸ್ಕರಿಗೆ 700 ಮಿ.ಗ್ರಾಂ ಸಾಕು ಎನ್ನುತ್ತದೆ. ಹಾಗಾಗಿ 950 ಆಯಿತು, 50 ಕಡಿಮೆಯಾಯಿತು ಎಂದು ತಲೆಕೆಡಿಸಿಕೊಳ್ಳಬೇಡಿ. ದಿನವೂ 400ರ ಆಸುಪಾಸಿನಲ್ಲೇ ನಿಂತುಬಿಟ್ಟಿದ್ದೀರಾ ಎಂಬುದೇ ಮುಖ್ಯ ಪ್ರಶ್ನೆ.

ಹಂತ 2: ನಿನ್ನೆ ತಿಂದದ್ದನ್ನು ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಂಡು ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದು, ಕುಡಿದದ್ದನ್ನು ಬರೆಯಿರಿ. ಹಬ್ಬದ ದಿನವೋ ಉಪವಾಸದ ದಿನವೋ ಬೇಡ, ಮಾಮೂಲಿ ದಿನವೇ ಇರಲಿ. ಈ ಅಂದಾಜುಗಳು ಸಾಕು: ಹಸುವಿನ ಹಾಲು 100 ಮಿ.ಲೀ.ಗೆ 120 ಮಿ.ಗ್ರಾಂ, ಮೊಸರು 100 ಗ್ರಾಂಗೆ ಹೆಚ್ಚುಕಡಿಮೆ ಅಷ್ಟೇ, ಗಟ್ಟಿ ಚೀಸ್ 30 ಗ್ರಾಂಗೆ 200, ಕ್ಯಾಲ್ಸಿಯಂ ಲವಣದಿಂದ ಹೆಪ್ಪುಗಟ್ಟಿಸಿದ ತೋಫು 100 ಗ್ರಾಂಗೆ 350, ಸಿಪ್ಪೆ ಸಹಿತ ಎಳ್ಳು ಒಂದು ದೊಡ್ಡ ಚಮಚಕ್ಕೆ 90, ಬಾದಾಮಿ ಒಂದು ಹಿಡಿಗೆ 75, ಮುಳ್ಳಿನ ಸಮೇತ ತಿನ್ನುವ ಡಬ್ಬಿಯ ಸಾರ್ಡೀನ್ ಮೀನು 100 ಗ್ರಾಂಗೆ 380.

ಉದಾಹರಣೆಗೆ ಒಬ್ಬರ ಪಟ್ಟಿ ನೋಡೋಣ. ಎರಡು ಹೊತ್ತಿನ ಕಾಫಿಗೆ ಸೇರಿದ ಹಾಲು ಒಟ್ಟು 100 ಮಿ.ಲೀ., ಅಲ್ಲಿಗೆ 120. ಮಧ್ಯಾಹ್ನ ಒಂದು ಬಟ್ಟಲು ಮೊಸರು, 150 ಗ್ರಾಂ, ಅದು 180. ಧಾನ್ಯ, ಬೇಳೆ, ತರಕಾರಿ ಎಲ್ಲ ಸೇರಿ ಸುಮಾರು 200. ಕೂಡಿಸಿದರೆ 500. ‘ನಾನು ದಿನಾ ಹಾಲು, ಮೊಸರು ಎರಡೂ ತಗೋತೀನಲ್ಲ’ ಎನ್ನುವವರ ಲೆಕ್ಕವೂ ಹೀಗೆ ಅರ್ಧಕ್ಕೇ ನಿಲ್ಲುವುದುಂಟು. ಕಾಫಿಯ ಹಾಲು ಕಣ್ಣಿಗೆ ಹೆಚ್ಚು, ಲೆಕ್ಕಕ್ಕೆ ಕಡಿಮೆ.

ಹಂತ 3: ಕೊರತೆಯನ್ನು ಊಟದಿಂದಲೇ ತುಂಬಿ

ಮೇಲಿನ ಪಟ್ಟಿಗೆ ಒಂದು ಲೋಟ ಹಾಲು (240), ಒಂದು ಚಮಚ ಎಳ್ಳಿನ ಪುಡಿ (90), 50 ಗ್ರಾಂ ತೋಫು (175) ಸೇರಿಸಿದರೆ ಸಾವಿರ ಮುಟ್ಟುತ್ತದೆ. ಹಾಲು ಒಗ್ಗದವರು ಮೊಸರು, ಗಟ್ಟಿ ಚೀಸ್ ಪ್ರಯತ್ನಿಸಬಹುದು, ಅವುಗಳಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಕಡಿಮೆ. ಹಾಲನ್ನೇ ಬಿಟ್ಟವರು ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ಕೊಳ್ಳಿ, ಆದರೆ ಪೊಟ್ಟಣದ ಮೇಲೆ ಬೆರೆಸಿದ್ದಾರೆಂದು ಬರೆದಿದೆಯೇ ಎಂದು ನೋಡಿಕೊಳ್ಳಿ, ಕುಡಿಯುವ ಮುನ್ನ ಚೆನ್ನಾಗಿ ಅಲ್ಲಾಡಿಸಿ. ಇಲ್ಲದಿದ್ದರೆ ಕ್ಯಾಲ್ಸಿಯಂ ತಳದಲ್ಲೇ ಉಳಿಯುತ್ತದೆ.

ತಿಂದದ್ದೆಲ್ಲ ಮೈಗೆ ಸೇರುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಸುಮಾರು ಶೇ. 30ರಷ್ಟು ಹೀರಿಕೆಯಾದರೆ ಪಾಲಕ್ ಸೊಪ್ಪಿನದು ಶೇ. 5 ಮಾತ್ರ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಪಾಲಕ್ ತಿನ್ನಬೇಡಿ ಎಂದಲ್ಲ, ಅದನ್ನು ಮೂಳೆಯ ಲೆಕ್ಕಕ್ಕೆ ಹಿಡಿಯಬೇಡಿ ಅಷ್ಟೇ. ಎಲೆಕೋಸು, ಬ್ರೊಕೊಲಿ ಜಾತಿಯ ತರಕಾರಿಗಳಲ್ಲಿ ಪ್ರಮಾಣ ಕಡಿಮೆಯಾದರೂ ಹೀರಿಕೆ ಹಾಲಿಗಿಂತ ಚೆನ್ನ. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಕೂಡ ಅಡ್ಡಿ ಮಾಡುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದರಿಂದ ಅದು ತಗ್ಗುತ್ತದೆ. ಎಳ್ಳಿನ ವಿಷಯದಲ್ಲಿ ಇನ್ನೊಂದು ಮಾತು: ಕ್ಯಾಲ್ಸಿಯಂನ ಬಹುಪಾಲು ಇರುವುದು ಸಿಪ್ಪೆಯಲ್ಲಿ, ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅದು ತೀರಾ ಕಮ್ಮಿ.

ಉಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸುಮಾರು 6 ಗ್ರಾಂ ಉಪ್ಪು ತಿಂದಾಗ ಅದರ ಸೋಡಿಯಂ ಮೂತ್ರದಲ್ಲಿ ಹೆಚ್ಚುಕಡಿಮೆ 40 ಮಿ.ಗ್ರಾಂ ಕ್ಯಾಲ್ಸಿಯಂ ಅನ್ನು ಜೊತೆಗೆ ಕೊಂಡೊಯ್ಯುತ್ತದೆ. ಆ ನಲವತ್ತನ್ನು ಮರಳಿ ಪಡೆಯಲು ನೂರಮೂವತ್ತಕ್ಕೂ ಹೆಚ್ಚು ತಿನ್ನಬೇಕು, ಯಾಕೆಂದರೆ ಹೀರಿಕೆಯಾಗುವುದೇ ಮೂರನೇ ಒಂದಕ್ಕಿಂತ ಕಡಿಮೆ. ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಲ್ಸಿಯಂ ಕಳೆಯುತ್ತದೆ ಎಂದು ಕಾಫಿಯ ಮೇಲಿರುವ ಆರೋಪ ಮಾತ್ರ ಅತಿಯಾಯಿತು ಅನ್ನಿಸುತ್ತದೆ. ಅದು ಕಳೆಯುವಷ್ಟನ್ನು ಅದಕ್ಕೆ ಹಾಕುವ ಹಾಲೇ ತುಂಬಿಕೊಡುತ್ತದೆ.

ಹಂತ 4: ವಿಟಮಿನ್ ಡಿ

ಡಿ ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳಲಾರದು. ಇದು ಬಹುಮಟ್ಟಿಗೆ ಚರ್ಮದಲ್ಲೇ, ಬಿಸಿಲಿನ ಯುವಿ-ಬಿ ಕಿರಣಗಳಿಂದ ತಯಾರಾಗುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಇದಕ್ಕೆ ತಕ್ಕದ್ದು; ಬೆಳಗಿನ ಎಳೆಬಿಸಿಲು ಹಿತ, ಆದರೆ ಅದರಲ್ಲಿ ಈ ಕಿರಣ ಹೆಚ್ಚಿರುವುದಿಲ್ಲ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುವುದರಿಂದ ಒಳಗೆ ಕೂತು ಬಿಸಿಲು ಕಾಯಿಸಿದರೆ ಉಪಯೋಗವಿಲ್ಲ. ಚರ್ಮ ಕಪ್ಪಾದಷ್ಟೂ, ವಯಸ್ಸಾದಷ್ಟೂ ಅದೇ ಪ್ರಮಾಣಕ್ಕೆ ಹೆಚ್ಚು ಬಿಸಿಲು ಬೇಕು. ಚರ್ಮ ಸುಡುವಷ್ಟು ಮಾತ್ರ ಬೇಡ.

ಆಹಾರದಲ್ಲಿ ಡಿ ಇರುವುದು ಕೊಬ್ಬಿನ ಮೀನು, ಮೊಟ್ಟೆಯ ಹಳದಿ, ಡಿ ಬೆರೆಸಿದ ಹಾಲು, ಬಿಸಿಲು ಕಂಡ ಅಣಬೆ ಇಂಥ ಕೆಲವೇ ಪದಾರ್ಥಗಳಲ್ಲಿ. ದಿನದ ಅಗತ್ಯ ಒಂದು ವರ್ಷದವರೆಗೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ), 70ರವರೆಗೆ 600, ಅದರ ಮೇಲೆ 800. ರಕ್ತದಲ್ಲಿ ಪ್ರತಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಜನರ ಮೂಳೆಗೆ ಸಾಕು. ಆರೋಗ್ಯವಂತ ವಯಸ್ಕರೆಲ್ಲರೂ ಡಿ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ. ಬಿಸಿಲನ್ನೇ ಕಾಣದವರು, ಮೂತ್ರಪಿಂಡ ಅಥವಾ ಕರುಳಿನ ಕಾಯಿಲೆಯಿರುವವರು, ಫಿಟ್ಸ್ ಮಾತ್ರೆ ನುಂಗುತ್ತಿರುವವರ ಮಾತು ಬೇರೆ.

ಹಂತ 5: ಪ್ರೋಟೀನನ್ನು ಮರೆಯಬೇಡಿ

ಮೂಳೆಯ ಗಾತ್ರದಲ್ಲಿ ಸುಮಾರು ಅರ್ಧ ಪ್ರೋಟೀನೇ, ಅದರಲ್ಲೂ ಹೆಚ್ಚಿನದು ಕೊಲಾಜನ್. ಮೂಳೆಗೆ ಗಡಸುತನ ಕೊಡುವುದು ಖನಿಜವಾದರೆ ಪೆಟ್ಟು ಬಿದ್ದಾಗ ತುಸು ಬಾಗಿ ಮುರಿಯದಂತೆ ಕಾಯುವುದು ಕೊಲಾಜನ್. ವಯಸ್ಕರಿಗೆ ದೇಹತೂಕದ ಕಿಲೋಗೆ 0.8 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯ ಲೆಕ್ಕ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆನ್ನುವುದು ಈಗ ವೃದ್ಧಾಪ್ಯದ ಪೋಷಣೆ ಬಲ್ಲ ತಜ್ಞರ ಅಭಿಪ್ರಾಯ. ವಯಸ್ಸಾದವರು ಮಾಡುವುದು ಸರಿಯಾಗಿ ಇದಕ್ಕೆ ತದ್ವಿರುದ್ಧ: ಹಲ್ಲಿಲ್ಲ, ಹಸಿವಿಲ್ಲ ಎಂದು ರಾತ್ರಿ ಗಂಜಿಯಂಥದ್ದನ್ನು ಕುಡಿದು ಮಲಗುತ್ತಾರೆ.

60 ಕಿಲೋ ತೂಗುವ ಹಿರಿಯರಿಗೆ ದಿನಕ್ಕೆ 60ರಿಂದ 70 ಗ್ರಾಂ ಬೇಕು, ಅಂದರೆ ಪ್ರತಿ ಊಟಕ್ಕೆ ಇಪ್ಪತ್ತರ ಮೇಲೆ. ಒಂದು ಮೊಟ್ಟೆಯಲ್ಲಿ 6, ಲೋಟ ಹಾಲಿನಲ್ಲಿ 7, ಬೇಯಿಸಿದ ಬೇಳೆ 100 ಗ್ರಾಂನಲ್ಲಿ 9, ಅಷ್ಟೇ ತೂಕದ ಮೀನಿನಲ್ಲಿ 20. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಏರಿಸಬಾರದು.

ಆಸ್ಟ್ರೇಲಿಯಾದ 60 ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಹಿರಿಯರಿದ್ದರು. ಅರ್ಧ ಕೇಂದ್ರಗಳಲ್ಲಿ ಊಟಕ್ಕೆ ಹಾಲು, ಮೊಸರು, ಚೀಸ್ ಹೆಚ್ಚಿಸಿದರು; ಕ್ಯಾಲ್ಸಿಯಂ ಸುಮಾರು 700ರಿಂದ 1140 ಮಿ.ಗ್ರಾಂಗೆ, ಪ್ರೋಟೀನ್ ಕಿಲೋಗೆ 1.1 ಗ್ರಾಂಗೆ ಏರಿತು. ಎರಡು ವರ್ಷದಲ್ಲಿ ಒಟ್ಟು ಮೂಳೆಮುರಿತ ಶೇ. 33ರಷ್ಟು, ಸೊಂಟದ ಮೂಳೆ ಮುರಿಯುವುದು ಶೇ. 46ರಷ್ಟು ಇಳಿಯಿತು. ಬೀಳುವುದೂ ಶೇ. 11ರಷ್ಟು ತಗ್ಗಿತು. ಇಷ್ಟನ್ನೂ ಸಾಧಿಸಿದ್ದು ಅಡುಗೆಮನೆ.

ಹಂತ 6: ಮೂಳೆಗೆ ಭಾರ ಕೊಡಿ

ಎಷ್ಟು ತಿಂದರೂ ಕೆಲಸ ಕೊಡದ ಮೂಳೆ ಕ್ಷೀಣಿಸುತ್ತದೆ. ಮೈಭಾರವೇ ಅನಿಸದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕಳೆದುಕೊಂಡದ್ದು ದಾಖಲಾಗಿದೆ. ಅತ್ತ ಟೆನಿಸ್ ಆಟಗಾರರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಮಕ್ಕಳಿಗೆ ಓಟ, ಜಿಗಿತ. ದೊಡ್ಡವರಿಗೆ ಮೆಟ್ಟಿಲು, ಚುರುಕು ನಡಿಗೆ, ವಾರಕ್ಕೆ ಎರಡು ದಿನ ತೂಕ ಎತ್ತುವುದು. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವು, ಮೂಳೆಗೆ ಅಷ್ಟಕ್ಕಷ್ಟೆ.

ಹಂತ 7: ವಯಸ್ಸಿಗೆ ತಕ್ಕಂತೆ

*ಹಸುಗೂಸು.* ಎದೆಹಾಲಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ, ಡಿ ಮಾತ್ರ ಅತ್ಯಲ್ಪ. ಅದಕ್ಕೇ ಮಕ್ಕಳ ವೈದ್ಯರು ಹುಟ್ಟಿದ ಕೆಲವೇ ದಿನಗಳಲ್ಲಿ 400 ಐಯು ಡಿ ಹನಿ ಶುರುಮಾಡಲು ಹೇಳುವುದು. ಹನಿಹಾಕುವ ಕೊಳವೆಯ ಗುರುತನ್ನು ಸರಿಯಾಗಿ ನೋಡಿ. ಒಂದೊಂದು ಔಷಧದಲ್ಲಿ ಒಂದೊಂದು ಸಾಂದ್ರತೆ ಇರುತ್ತದೆ. ವರ್ಷ ತುಂಬುವ ಮೊದಲು ಹಸುವಿನ ಹಾಲು ಮುಖ್ಯ ಆಹಾರವಾಗಬಾರದು. ಆಮೇಲೂ ದಿನಕ್ಕೆ 500–700 ಮಿ.ಲೀ. ದಾಟಿದರೆ ಹೊಟ್ಟೆ ಹಾಲಿನಲ್ಲೇ ತುಂಬಿ ಕಬ್ಬಿಣಾಂಶ ಕೊರತೆಯಾಗುತ್ತದೆ.

*ಹದಿಹರೆಯ.* ಇಡೀ ಬದುಕಿನಲ್ಲಿ ಇದಕ್ಕಿಂತ ಮುಖ್ಯವಾದ ಕಾಲ ಮೂಳೆಗೆ ಇಲ್ಲ. ದೊಡ್ಡವರಾದಾಗ ಇರುವ ಮೂಳೆಯ ಸುಮಾರು ಕಾಲುಭಾಗ ಕೂಡಿಕೊಳ್ಳುವುದು ಸರ‍್ರನೆ ಎತ್ತರ ಬೆಳೆಯುವ ಎರಡು ವರ್ಷಗಳ ಆಸುಪಾಸಿನಲ್ಲಿ. ಹುಡುಗಿಯರಲ್ಲಿ ಸರಾಸರಿ ಹನ್ನೆರಡೂವರೆ, ಹುಡುಗರಲ್ಲಿ ಹದಿನಾಲ್ಕರ ಹೊತ್ತಿಗೆ ಅದು ಗರಿಷ್ಠ. ಉದ್ದ ಮೊದಲು ಬೆಳೆದು ಖನಿಜ ಆಮೇಲೆ ತುಂಬಿಕೊಳ್ಳುವುದರಿಂದ ಈ ವಯಸ್ಸಿನಲ್ಲೇ ಮುಂಗೈ ಮುರಿದುಕೊಳ್ಳುವ ಮಕ್ಕಳು ಹೆಚ್ಚು. ಇದೇ ಹೊತ್ತಿಗೆ ಹಾಲಿನ ಲೋಟ ಹೋಗಿ ತಂಪು ಪಾನೀಯದ ಬಾಟಲಿ ಬರುತ್ತದೆ, ಸಣ್ಣಗಾಗುವ ಹಂಬಲದಲ್ಲಿ ಬೆಳಗಿನ ತಿಂಡಿ ಹೋಗುತ್ತದೆ. ತೂಕ ಇಳಿಸುವ ಪಥ್ಯದಿಂದಲೋ ವಿಪರೀತ ಕ್ರೀಡಾ ತರಬೇತಿಯಿಂದಲೋ ಹುಡುಗಿಯ ಮುಟ್ಟು ಮೂರು ತಿಂಗಳು ನಿಂತರೆ ಉದಾಸೀನ ಬೇಡ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಇಳಿದಿದೆ, ಮೂಳೆ ಕಟ್ಟುವ ಕೆಲಸ ನಿಂತಿದೆ ಎಂಬುದರ ಸೂಚನೆ ಅದು. ಆಗ ಬೇಕಾಗುವುದು ಮೊದಲು ಹೊಟ್ಟೆತುಂಬ ಊಟ, ಜೊತೆಗೆ ವೈದ್ಯರ ಭೇಟಿ.

*ಬಸಿರು, ಬಾಣಂತನ.* ಕೂಸಿನ ಮೂಳೆಗೆ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಸೇರುತ್ತದೆ, ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ತಾಯಿಯ ಕರುಳು ಆ ಕಾಲದಲ್ಲಿ ಸುಮಾರು ಎರಡರಷ್ಟು ಹೀರಿಕೊಂಡು ಅದನ್ನು ಸರಿದೂಗಿಸುತ್ತದೆ. ಹಾಲೂಡಿಸುವಾಗ ಮೂಳೆ ಶೇ. 3–5ರಷ್ಟು ತೆಳುವಾಗುವುದುಂಟು, ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮರಳಿ ತುಂಬಿಕೊಳ್ಳುತ್ತದೆ. ಹಾಲೂಡಿಸಿದರೆ ಮೂಳೆ ಸವೆಯುತ್ತದೆಂದು ಹೆದರುವ ಅಗತ್ಯವಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಕಡೆ ಗರ್ಭಿಣಿಯರಿಗೆ ಮಾತ್ರೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆದರೆ ಅಲ್ಲಿನ ಗುರಿ ಬಸಿರಿನ ರಕ್ತದೊತ್ತಡದ ಅಪಾಯ ತಡೆಯುವುದು.

*ಮೂವತ್ತರಿಂದ ನಲವತ್ತೈದು.* ಹೆಚ್ಚು ಹೇಳುವುದಿಲ್ಲ. ಸಿಗರೇಟು ಬಿಡಿ, ಮದ್ಯಕ್ಕೆ ಮಿತಿಯಿರಲಿ, ಭಾರ ಎತ್ತಿ.

*ಮುಟ್ಟು ನಿಲ್ಲುವ ಕಾಲ.* ಈಸ್ಟ್ರೋಜೆನ್ ಇಳಿದೊಡನೆ ಕರಗಿಸುವ ಕೋಶಗಳಿಗೆ ಕಡಿವಾಣ ತಪ್ಪುತ್ತದೆ. ಐದಾರು ವರ್ಷಗಳಲ್ಲಿ ಕೆಲವರ ಮೂಳೆ ಸಾಂದ್ರತೆ ಶೇ. 20ರವರೆಗೂ ಇಳಿಯಬಹುದು. ಇಲ್ಲಿ ನೇರವಾಗಿ ಒಂದು ಮಾತು ಹೇಳಬೇಕು: ಹಾರ್ಮೋನ್ ಕುಸಿತದಿಂದಾಗುವ ಈ ನಷ್ಟವನ್ನು ಹಾಲು ಕುಡಿದು ಪೂರ್ತಿ ನಿಲ್ಲಿಸಲಾಗದು. ಊಟ, ವ್ಯಾಯಾಮದಿಂದ ತಗ್ಗಿಸಬಹುದು. ನಲವತ್ತೈದಕ್ಕೆ ಮೊದಲೇ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಲೇಬೇಕು.

ಗಂಡಸರಲ್ಲಿ ನಷ್ಟ ನಿಧಾನ, ಆದರೆ ಸೊಂಟ ಮುರಿದ ಮೇಲೆ ಸಾಯುವವರ ಪ್ರಮಾಣ ಅವರಲ್ಲೇ ಹೆಚ್ಚು. ‘ಇದು ಹೆಂಗಸರ ಕಾಯಿಲೆ’ ಎಂಬ ಮಾತು ಬಿಡಬೇಕು.

ಹಂತ 8: ಮಾತ್ರೆ ಬೇಕೇ? ಬೇಕಾದರೆ ಹೇಗೆ?

ಅಮೆರಿಕದಲ್ಲಿ ಮುಟ್ಟು ನಿಂತ 36,000 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ, 400 ಐಯು ಡಿ ಕೊಟ್ಟದ್ದರಿಂದ ಸೊಂಟದ ಸಾಂದ್ರತೆ ಶೇ. 1ರಷ್ಟು ಹೆಚ್ಚಿತು, ಮುರಿತ ಗಣನೀಯವಾಗಿ ಇಳಿಯಲಿಲ್ಲ, ಮೂತ್ರಪಿಂಡದ ಕಲ್ಲು ಶೇ. 17ರಷ್ಟು ಹೆಚ್ಚಿತು. ಆದರೆ 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ ಸರಾಸರಿ 84 ವರ್ಷದ ಹೆಂಗಸರಿಗೆ ಇದೇ ಜೋಡಿ ಮಾತ್ರೆ ಕೊಟ್ಟಾಗ ಸೊಂಟದ ಮುರಿತ ಚೆನ್ನಾಗಿಯೇ ಇಳಿದಿತ್ತು. ಎರಡೂ ಸುಳ್ಳಲ್ಲ. ಫ್ರಾನ್ಸಿನವರಲ್ಲಿ ಕೊರತೆಯಿತ್ತು, ಅಮೆರಿಕದವರ ಊಟದಲ್ಲಿ ಮೊದಲೇ ಸಾಕಷ್ಟಿತ್ತು. ಹಂತ 2ರ ಹಾಳೆ ಇರುವುದು ಇದಕ್ಕೇ: ಕೊರತೆ ಎಷ್ಟೋ ಅಷ್ಟಕ್ಕೇ ಮಾತ್ರೆ.

ಡಬ್ಬಿಯನ್ನು ಹತ್ತಿರ ಹಿಡಿದು ಓದಿ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಕಾರ್ಬೊನೇಟಿನಲ್ಲಿ ಅದು ಶೇ. 40, ಸಿಟ್ರೇಟಿನಲ್ಲಿ ಶೇ. 21. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಅದಕ್ಕೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಸಿಟ್ರೇಟ್ ವಾಸಿ. ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ, ಕರುಳು ಹೀರುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಿಬಯಾಟಿಕ್‌ಗಳ ಜೊತೆಗೂ ಬೇಡ.

ವಿಟಮಿನ್ ಡಿಯನ್ನು ಒಂದೇ ಸಲ ಭಾರೀ ಪ್ರಮಾಣದಲ್ಲಿ ಕೊಡುವುದು ಸುಲಭವೆನಿಸಿದರೂ 2010ರ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಐಯು ಪಡೆದ ವೃದ್ಧೆಯರು ಬಿದ್ದದ್ದೂ, ಮೂಳೆ ಮುರಿದುಕೊಂಡದ್ದೂ ಹೆಚ್ಚು. ದಿನಕ್ಕೆ ಸ್ವಲ್ಪವೇ ಸರಿ. ವೈದ್ಯರು ಹೇಳದೆ ದಿನಕ್ಕೆ 4000 ಐಯು ದಾಟಬೇಡಿ.

ಹಂತ 9: ಪರೀಕ್ಷೆ ಯಾವಾಗ?

ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನನ್ನು 65 ದಾಟಿದ ಹೆಂಗಸರು ಮಾಡಿಸಿಕೊಳ್ಳಬೇಕು. ಮೂರು ತಿಂಗಳಿಗೂ ಹೆಚ್ಚು ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು, ತಂದೆ ಅಥವಾ ತಾಯಿಗೆ ಸೊಂಟ ಮುರಿದಿರುವವರು, ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದುಕೊಂಡವರು ಅದಕ್ಕೂ ಮೊದಲೇ ವೈದ್ಯರನ್ನು ಕೇಳಬೇಕು. ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) -1ಕ್ಕಿಂತ ಮೇಲಿದ್ದರೆ ಸರಿ, -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಖರ್ಚಿಲ್ಲದ ಇನ್ನೊಂದು ಪರೀಕ್ಷೆ ಮನೆಯ ಗೋಡೆಯಲ್ಲಿದೆ. ವರ್ಷಕ್ಕೊಮ್ಮೆ ಬರಿಗಾಲಲ್ಲಿ ಗೋಡೆಗೆ ಆತು ನಿಂತು ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನುಮೂಳೆ ಗೊತ್ತಾಗದಂತೆ ಕುಸಿದಿರಬಹುದು, ಎಕ್ಸ್-ರೇ ತೆಗೆಸಬೇಕು.

ಹಂತ 10: ಬೀಳದಿರುವುದು

ಸೊಂಟದ ಮುರಿತಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಆಗುವುದು ಬಿದ್ದು. ಬಚ್ಚಲಲ್ಲಿ ಹಿಡಿಕೆ, ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ದೀಪ, ಜಾರದ ಚಪ್ಪಲಿ, ಕಾಲಿಗೆ ತೊಡರುವ ನೆಲಹಾಸು ಎತ್ತಿಡುವುದು. ಕಣ್ಣಿನ ಪೊರೆ ತೆಗೆಸುವುದು. ನಿದ್ರೆಮಾತ್ರೆ ನಿಜಕ್ಕೂ ಬೇಕೇ ಎಂದು ಕೇಳುವುದು. ದಿನವೂ ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ, ಕುರ್ಚಿಯಿಂದ ಕೈ ಊರದೆ ಏಳುವ ಅಭ್ಯಾಸ ತೊಡೆಗೆ ಬಲ ಕೊಡುತ್ತದೆ.

ಒಮ್ಮೆ ಮುರಿದವರಿಗೆ ಊಟವಷ್ಟೇ ಸಾಲದು, ಔಷಧ ಬೇಕಾಗುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯಿತೆಂದು ಮನೆಗೆ ಹೋಗಿಬಿಡಬೇಡಿ. ‘ಮೂಳೆ ಯಾಕೆ ಇಷ್ಟು ಸುಲಭವಾಗಿ ಮುರಿಯಿತು?’ ಎಂದು ಕೇಳಿ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟರೆ ಅದನ್ನು ಬೆಳಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಕೂತಿರಬೇಕು ಅಥವಾ ಓಡಾಡಬೇಕು, ಇಲ್ಲದಿದ್ದರೆ ಅನ್ನನಾಳ ಹುಣ್ಣಾದೀತು. ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವೂ ಆ ಅರ್ಧ ಗಂಟೆ ಕಳೆದ ಮೇಲೆಯೇ.